ಫಾಕ್ಸ್‌ಗ್ಲೋವ್, ಚೆಂಡು ಹೂವು, ಕಣಗಿಲೆ: ಕಲಬುರಗಿಯ ಬಿಸಿಲು ದಾಟಿದ್ದು ಯಾವುದು?

ಕಲಬುರಗಿಯ ಕರಿಮಣ್ಣಿನ ಹಿತ್ತಲಲ್ಲಿ ಹೂವು ಬೇಕೆಂದರೆ ಕಣಗಿಲೆ ಹಚ್ಚಿರಿ. ನನಗೆ ಈ ಬುದ್ಧಿ ಬರಲು ಇನ್ನೂರೈವತ್ತು ರೂಪಾಯಿ, ಹತ್ತು ತಿಂಗಳು ಹಿಡಿಯಿತು.

ದುಡ್ಡು ಹೋದದ್ದು ಫಾಕ್ಸ್‌ಗ್ಲೋವ್ ಬೀಜಕ್ಕೆ. ಪೊಟ್ಟಣದ ಮೇಲಿನ ಗಂಟೆಯಂಥ ನೇರಳೆ ಹೂವು ನೋಡಿ ಆನ್‌ಲೈನ್‌ನಲ್ಲಿ ತರಿಸಿದೆ. ದ್ವೈವಾರ್ಷಿಕ ಗಿಡ: ಮೊದಲ ವರ್ಷ ಎಲೆ, ಎರಡನೇ ವರ್ಷ ಹೂವು, ಬೀಜ ಕಟ್ಟಿದ ಮೇಲೆ ಸಾವು. ಬೀಜ ನಶ್ಯದಷ್ಟು ಸಣ್ಣ. ಬೆಳಕು ಬಿದ್ದರೇ ಮೊಳೆಯುವುದು, ಹಾಗಾಗಿ ಮಣ್ಣು ಮುಚ್ಚುವಂತಿಲ್ಲ. ಆಷಾಢದ ಗಾಳಿ ಅರ್ಧ ಹೊತ್ತೊಯ್ದು ಒಂಬತ್ತು ಸಸಿ ಉಳಿದವು. ಆಮೇಲೆ ತಿಂಗಳುಗಟ್ಟಲೆ ನೆಲಕ್ಕಂಟಿದ ಮೆತ್ತನೆ ಎಲೆ, ಅಷ್ಟೇ. ಪಕ್ಕದ ಮನೆ ಕಾಕು ಇಣುಕಿ, "ಇದ್ಯಾವ ಪಲ್ಯಾ ಹಚ್ಚಿದೆವ್ವಾ?" ಎಂದಾಗ ಗಾಬರಿಯಾಯಿತು. ಈ ಎಲೆ ತಿಂದರೆ ಹೃದಯಕ್ಕೇ ಬಡಿಯುವ ವಿಷ!

ತೊಡಕು ಇರುವುದು ಚಳಿಯಲ್ಲಿ. ಇದು ಹೂವಿನ ದಂಟು ಎತ್ತಬೇಕಾದರೆ ವಾರಗಟ್ಟಲೆ 10 ಡಿಗ್ರಿಗಿಂತ ಕೆಳಗಿನ ಥಂಡಿ ಬೇಕು. ನಮ್ಮಲ್ಲಿ ಎಳ್ಳಮಾವಾಸ್ಯೆ ಹೊತ್ತಿಗೂ ಚಳಿ ಬೆಳಗಿನ ಚಹಾದ ತನಕ. ಮಧ್ಯಾಹ್ನ ಮತ್ತೆ 30ರ ಹತ್ತಿರ. ಗಿಡ ಕಾಯುತ್ತ ಕೂತಿತು, ಅಷ್ಟರಲ್ಲಿ ಏಪ್ರಿಲ್ 40 ದಾಟಿತು. ಮಣ್ಣು ಬೆರಳು ತೂರುವಷ್ಟು ಬಿರಿದು ಬೇರು ಹರಿದವು, ಒಂಬತ್ತೂ ಸುಟ್ಟುಹೋದವು. ಪೊಟ್ಟಣದವರ ಲೆಕ್ಕದಲ್ಲಿ ಚಳಿಗಾಲ ದಾಟಿದರೆ ಒಂದು ವರ್ಷ. ನಮ್ಮ ಗಿಡ ದಾಟಬೇಕಾದದ್ದು ಮೇ ತಿಂಗಳು.

ಪೆಟೂನಿಯಾ ಎಂಬ ಹೂಗಿಡದ್ದೂ ಇದೇ ಕಥೆ: ಹುಟ್ಟಿದ ನಾಡಲ್ಲಿ ಬಹುವಾರ್ಷಿಕ, ಅಂದರೆ ಹಲವು ವರ್ಷ ಬಾಳುವಂಥದ್ದು. ನನ್ನಲ್ಲಿ ಯುಗಾದಿಗೇ ಮುಗಿಯಿತು.

ಒಂದೇ ವರ್ಷದಲ್ಲಿ ಬಾಳು ಮುಗಿಸುವ ಏಕವಾರ್ಷಿಕ ಬೇಕೆಂದರೆ ಚೆಂಡು ಹೂವು. ಜುಲೈ ಕೊನೆಗೆ ಬಿತ್ತಿದರೆ ದಸರೆಗೆ ಹೂವು. ಒಣಗಿದ ಹೂವು ಹಿಸುಕಿದರೆ ಬಿಳಿ ಬಾಲದ ಕರಿ ಬೀಜ ಬೊಗಸೆ ತುಂಬ (ಹೈಬ್ರಿಡ್ ಬೀಜ ಎತ್ತಿಡಬೇಡಿ, ತಾಯಿಯಂಥ ಹೂವು ಬರುವುದಿಲ್ಲ). ಆದರೆ ವರ್ಷವರ್ಷ ಮಡಿ ಮಾಡುವ ಜೀವ ನಂದಲ್ಲ.

ಕಣಗಿಲೆ ಬಹುವಾರ್ಷಿಕ. ಅದೇ ಮಳೆಗಾಲ ಕಾಕು ಕೊಟ್ಟ ಟೊಂಗೆ ಚುಚ್ಚಿದ್ದೆ, ಖರ್ಚಿಲ್ಲ. ಇದೂ ಹೃದಯಕ್ಕೆ ಬಡಿಯುವ ವಿಷವೇ, ಸಣ್ಣ ಮಕ್ಕಳಿದ್ದರೆ ಜೋಕೆ. ಅದೇ ಕಾರಣಕ್ಕೆ ಓಣಿಯ ಆಡುಗಳೂ ಬಾಯಿ ಹಾಕುವುದಿಲ್ಲ. ಈ ಮೇನಲ್ಲಿ ವಾರಕ್ಕೆರಡು ಕೊಡ ನೀರು ಹಾಕಿದೆ, ಸೋಮವಾರದ ಪೂಜೆಗೆ ಬಟ್ಟಲು ತುಂಬ ಕೆಂಪು ಹೂವು ತಪ್ಪಲಿಲ್ಲ.

ಫಾಕ್ಸ್‌ಗ್ಲೋವ್ ಇದ್ದ ಮಡಿಗೆ ಮೊನ್ನೆ ಮೆಂತ್ಯ ಬಿತ್ತಿದೆ. ಕಾಕು ಕೇಳಿದ ಪಲ್ಯ ಕೊನೆಗೂ ಅಲ್ಲೇ ಬಂತು.