ಜರಡಿಯ ಕಾಲಿಗೆ ಯಾವ ಪಟ್ಟಿ: ಉಕ್ಕು, ಅಲ್ಯೂಮಿನಿಯಂ, ನೈಲಾನ್, ಗ್ಲಾಸ್ ಎಪಾಕ್ಸಿ

ರಾಗಿ, ಜೋಳ, ಹುರುಳಿಗಳನ್ನು ಶುಚಿ ಮಾಡುವ ಅಲುಗಾಡುವ ಜರಡಿಗಳನ್ನು ತಯಾರಿಸುವ ಒಂದು ಸಣ್ಣ ವರ್ಕ್‌ಶಾಪನ್ನು ನಾನು ತುಮಕೂರಿನ ಬಳಿ ನಡೆಸುತ್ತಿದ್ದೇನೆ. ನಮ್ಮ ಯಂತ್ರದಲ್ಲಿ ಜರಡಿಯ ಪೆಟ್ಟಿಗೆಯು ನಾಲ್ಕು ಚಪ್ಪಟೆ ಪಟ್ಟಿಗಳ ಮೇಲೆ ನಿಂತಿರುತ್ತದೆ. ಪಟ್ಟಿಯ ಮೇಲ್ತುದಿ ಪೆಟ್ಟಿಗೆಗೆ, ಕೆಳತುದಿ ಚೌಕಟ್ಟಿಗೆ ಕ್ಲಾಂಪಿನಿಂದ ಬಿಗಿಯಲ್ಪಟ್ಟಿದ್ದು, ನಡುವೆ ಬಾಗಲು ಸಿಗುವ ಉದ್ದ 250 ಮಿಲಿಮೀಟರ್. ಎಕ್ಸೆಂಟ್ರಿಕ್ ಶಾಫ್ಟ್ ಪೆಟ್ಟಿಗೆಯನ್ನು ನಡುಸ್ಥಾನದಿಂದ ಮುಂದಕ್ಕೆ ಆರು, ಹಿಂದಕ್ಕೆ ಆರು ಮಿಲಿಮೀಟರ್ ತಳ್ಳುತ್ತದೆ. ಪಟ್ಟಿಗಳು ಅಷ್ಟಷ್ಟೇ ಬಾಗುತ್ತವೆ. ಶಾಫ್ಟ್ ನಿಮಿಷಕ್ಕೆ 350 ಸುತ್ತು ತಿರುಗುವುದರಿಂದ ಎಂಟು ಗಂಟೆಯ ಒಂದು ಪಾಳಿಯಲ್ಲಿ ಪ್ರತಿ ಪಟ್ಟಿಯೂ 1,68,000 ಸಲ ಬಾಗಿ ನೆಟ್ಟಗಾಗುತ್ತದೆ. ಆರು ದಿನಕ್ಕೆ ಹತ್ತು ಲಕ್ಷ, ಎರಡು ತಿಂಗಳಿಗೆ ಒಂದು ಕೋಟಿ. ಲೋಹವಾಗಲಿ ಪ್ಲಾಸ್ಟಿಕ್ ಆಗಲಿ, ದಣಿವಿನ (ಮತ್ತೆ ಮತ್ತೆ ಬಾಗಿ ಸೋಲುವುದರ) ಪರೀಕ್ಷೆಗೆ ಇದಕ್ಕಿಂತ ಅಗ್ಗದ ಯಂತ್ರವನ್ನು ನಾನಂತೂ ಕಂಡಿಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಟ್ರೆಸ್ (ಪದಾರ್ಥದ ಒಳಗೆ ಅಷ್ಟಷ್ಟು ಜಾಗದ ಮೇಲೆ ಬೀಳುವ ಬಲ) ಎಂಬುದಕ್ಕೆ ಪಠ್ಯಪುಸ್ತಕಗಳಲ್ಲಿ ಕನ್ನಡ ಪದಗಳಿದ್ದರೂ ಶಾಪಿನಲ್ಲಿ ಯಾರೂ ಅವನ್ನು ಬಳಸುವುದಿಲ್ಲವಾದ್ದರಿಂದ ಇಲ್ಲಿಯೂ ಸ್ಟ್ರೆಸ್ ಎಂದೇ ಬರೆದಿದ್ದೇನೆ. ಅಂಕಿಗಳೆಲ್ಲ ಮೆಗಾಪಾಸ್ಕಲ್‌ನಲ್ಲಿವೆ, ಅಂದರೆ ಒಂದು ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಎಂಬ ಲೆಕ್ಕ.

ಮೊದಲು ಹಾಕಿದ್ದು ಎಲ್ಲರೂ ಹಾಕುವ ಮೈಲ್ಡ್ ಸ್ಟೀಲ್, ಮೂರು ಮಿಲಿಮೀಟರ್ ದಪ್ಪದ ಪಟ್ಟಿ. ಐದನೆಯ ದಿನ, ಎಂಟು ಲಕ್ಷ ಬಾಗುವಿಕೆಯ ಆಸುಪಾಸಿನಲ್ಲಿ, ಕೆಳಗಿನ ಕ್ಲಾಂಪಿನ ಅಂಚಿಗೆ ಸರಿಯಾಗಿ ಒಂದು ಪಟ್ಟಿ ಮುರಿಯಿತು. ಮುರಿದ ಬಾಯಿಯನ್ನು ಬಿಸಿಲಿಗೆ ಹಿಡಿದು ನೋಡಿದಾಗ ಎರಡೂ ಮುಖಗಳ ಕಡೆಯಿಂದ ನುಣುಪಾದ, ಮಾಸಲು ಬಣ್ಣದ ಭಾಗ ಒಳಕ್ಕೆ ಸಾಗಿ ಬಂದಿತ್ತು. ಅದರ ಮೇಲೆ ಕಪ್ಪೆಚಿಪ್ಪಿನ ಬೆನ್ನಿನ ಮೇಲಿರುವಂಥ ಬಾಗಿದ ಗೆರೆಗಳು, ಯಂತ್ರ ನಿಂತು ಮತ್ತೆ ಶುರುವಾದ ಹೊತ್ತುಗಳ ಗುರುತುಗಳು. ನಟ್ಟನಡುವೆ ಮಾತ್ರ ಸಕ್ಕರೆ ಹರಳಿನಂತೆ ಹೊಳೆಯುವ ಒಂದು ಸಣ್ಣ ಪಟ್ಟೆ. ಪಟ್ಟಿಯು ನಿಜವಾಗಿ ‘ಮುರಿದದ್ದು’ ಆ ಪಟ್ಟೆಯಷ್ಟೇ. ಉಳಿದದ್ದೆಲ್ಲ ಅದಕ್ಕೆ ಮೊದಲೇ ಒಳಗೊಳಗೇ ಸೀಳುತ್ತ ಬಂದಿತ್ತು. ಕ್ಲಾಂಪಿನ ಕೆಳಗೆ ಕೋಕೋ ಪುಡಿಯಂಥ ಕೆಂಗಂದು ಧೂಳು ಕೂತಿತ್ತು. ಅದು ಹೊರಗಿನ ನೀರಿನ ತುಕ್ಕಲ್ಲ, ಬಿಗಿದ ಎರಡು ಲೋಹಗಳು ಕೂದಲೆಳೆಯಷ್ಟು ಜರುಗುತ್ತ ಒಂದನ್ನೊಂದು ತಿಕ್ಕಿಕೊಂಡದ್ದರ ಪುಡಿ. ಬಿರುಕು ಹುಟ್ಟಿದ್ದೂ ಅಲ್ಲಿಯೇ.

ನಮ್ಮ ಫಿಟ್ಟರ್, “ಅಣ್ಣಾ, ಮೂರು ತಡೀಲಿಲ್ಲ ಅಂದ್ರೆ ಐದು ಹಾಕೋಣ ಬಿಡಿ” ಎಂದ. ನನಗೂ ಸರಿಯೆನಿಸಿತು. ಬೆಳಗ್ಗೆ ಒಂಬತ್ತಕ್ಕೆ ಐದು ಮಿಲಿಮೀಟರ್ ಪಟ್ಟಿಗಳನ್ನು ಹಾಕಿ ಶುರು ಮಾಡಿದೆವು. ಮಧ್ಯಾಹ್ನದ ಊಟಕ್ಕೆ ಮೊದಲೇ ಎರಡು ಪಟ್ಟಿಗಳು ಮುರಿದುಬಿದ್ದವು.

ಅಂದು ಸಂಜೆ ಕೂತು ಲೆಕ್ಕ ಹಾಕಿದ ಮೇಲಷ್ಟೇ ನಮ್ಮ ದಡ್ಡತನ ಅರ್ಥವಾದದ್ದು. ಎರಡೂ ತುದಿ ಬಿಗಿದ ಪಟ್ಟಿಯನ್ನು ಪಕ್ಕಕ್ಕೆ ತಳ್ಳಿದಾಗ ತುದಿಗಳಲ್ಲಿ ಹುಟ್ಟುವ ಸ್ಟ್ರೆಸ್ ತಿಳಿಯಬೇಕಾದರೆ, ಪದಾರ್ಥದ ಯಂಗ್ ಗುಣಾಂಕ (ಅದು ಎಷ್ಟು ಪೆಡಸು ಎಂಬ ಅಂಕಿ), ತಳ್ಳುವ ದೂರ ಮತ್ತು ದಪ್ಪ ಈ ಮೂರನ್ನೂ ಗುಣಿಸಿ, ಅದನ್ನು ಮತ್ತೆ ಮೂರರಿಂದ ಗುಣಿಸಿ, ಉದ್ದದ ವರ್ಗದಿಂದ ಭಾಗಿಸಬೇಕು. ಉಕ್ಕಿನ ಯಂಗ್ ಗುಣಾಂಕ ಸುಮಾರು 2,05,000. ಮೂರು ಮಿಲಿಮೀಟರ್ ಪಟ್ಟಿಗೆ 177 ಬಂದರೆ ಐದಕ್ಕೆ 295 ಬರುತ್ತದೆ. ನಾವು ಕೊಳ್ಳುವ ಸಾಮಾನ್ಯ ದರ್ಜೆಯ ಮೈಲ್ಡ್ ಸ್ಟೀಲ್ ಶಾಶ್ವತವಾಗಿ ಬಾಗಿಹೋಗುವ ಮಿತಿ 250, ಎಳೆದು ಹರಿಯುವ ಮಿತಿ 410. ಅಂದರೆ ದಪ್ಪ ಹೆಚ್ಚಿಸಿ ನಾವು ಪಟ್ಟಿಗೆ ಬಲ ಕೊಟ್ಟಿರಲಿಲ್ಲ, ಅದರ ಸ್ಟ್ರೆಸ್ಸನ್ನೇ ಹೆಚ್ಚಿಸಿದ್ದೆವು. ತೂಕ ಹೊರುವ ತೊಲೆಗೆ ದಪ್ಪ ಹಾಕಿದರೆ ಆಯುಷ್ಯ ಹೆಚ್ಚುತ್ತದೆ. ಇಷ್ಟು ದೂರ ಬಾಗಲೇಬೇಕು ಎಂಬ ಕಟ್ಟುಪಾಡಿರುವ ಪಟ್ಟಿಗೆ ದಪ್ಪ ಹಾಕಿದರೆ ಆಯುಷ್ಯ ಕುಗ್ಗುತ್ತದೆ. ಈ ಎರಡನ್ನೂ ಒಂದೇ ಎಂದುಕೊಂಡು ಬೆಸುಗೆ ಹಾಕಿ ‘ಸ್ಟ್ರಾಂಗ್’ ಮಾಡಿದ ಎಷ್ಟೋ ಯಂತ್ರಗಳು ರಿಪೇರಿಗೆಂದು ನಮ್ಮಲ್ಲಿಗೆ ಬರುತ್ತಲೇ ಇರುತ್ತವೆ.

ಆಮೇಲೆ ಮೈಲ್ಡ್ ಸ್ಟೀಲನ್ನೇ ಎರಡು ಮಿಲಿಮೀಟರಿಗೆ ಇಳಿಸಿದೆ. ಸ್ಟ್ರೆಸ್ 118ಕ್ಕೆ ಇಳಿಯಿತು. ಕ್ಲಾಂಪಿನ ಅಂಚನ್ನು ಅರದಿಂದ ಗುಂಡಗೆ ಮಾಡಿ, ನಡುವೆ ತೆಳುವಾದ ಫೈಬರ್ ಪ್ಯಾಕಿಂಗ್ ಇಟ್ಟು, ಬೋಲ್ಟಿನ ತೂತನ್ನು ಅಂಚಿನಿಂದ ದೂರ ಸರಿಸಿದೆ. ಎರಡು ತಿಂಗಳು ಓಡಿಸಿ, ಬಿಚ್ಚಿ, ಕೆಂಪು ಬಣ್ಣ ಹಚ್ಚಿ ಒರೆಸಿ ಬಿರುಕು ಹುಡುಕುವ ಡಿಪಿ ಟೆಸ್ಟ್ ಮಾಡಿಸಿದರೆ ಒಂದು ಗೆರೆಯೂ ಕಾಣಲಿಲ್ಲ. ಉಕ್ಕಿಗೆ ಇಂಥದೊಂದು ಉಪಕಾರದ ಗುಣವಿದೆ: ಒಂದು ಮಟ್ಟಕ್ಕಿಂತ ಕೆಳಗಿನ ಸ್ಟ್ರೆಸ್ಸಿನಲ್ಲಿ ಎಷ್ಟು ಕೋಟಿ ಸಲ ಬಾಗಿಸಿದರೂ ಅದು ದಣಿಯುವುದಿಲ್ಲ. ನುಣುಪಾದ ಮೇಲ್ಮೈಯಿದ್ದರೆ ಆ ಮಟ್ಟವು ಎಳೆದು ಹರಿಯುವ ಮಿತಿಯ ಅರ್ಧದಷ್ಟಿರುತ್ತದೆ. ಕಾರ್ಖಾನೆಯ ರೋಲಿಂಗ್‌ನಲ್ಲಿ ಮೇಲೆ ಕೂತ ಪದರ, ಗೀರು, ತೂತು, ಉಜ್ಜಾಟ ಇವೆಲ್ಲ ಅದನ್ನು ಕೆಳಗೆ ತಳ್ಳುತ್ತವೆ. ಜರ್ಮನಿಯ ರೈಲ್ವೆ ಇಂಜಿನಿಯರ್ ಆಗಸ್ಟ್ ವೋಲರ್ 1850 ಮತ್ತು 60ರ ದಶಕಗಳಲ್ಲಿ ರೈಲುಗಾಡಿಯ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ಮುರಿದು ಕಂಡುಕೊಂಡದ್ದೂ ಇದನ್ನೇ. ಅಚ್ಚು ಮುರಿಯುವುದು ಒಮ್ಮೆ ಬಿದ್ದ ಅತಿಭಾರದಿಂದಲ್ಲ, ಸಹಿಸಬಲ್ಲ ಭಾರವೇ ಲಕ್ಷಾಂತರ ಸಲ ಹಿಂದುಮುಂದಾಗಿ ಬೀಳುವುದರಿಂದ.

ಎರಡು ಮಿಲಿಮೀಟರ್ ಮೈಲ್ಡ್ ಸ್ಟೀಲ್ ದಣಿಯಲಿಲ್ಲ ನಿಜ, ಆದರೆ ಒಂದು ದಿನ ಹಮಾಲಿಯೊಬ್ಬ ರಾಗಿ ಮೂಟೆಯನ್ನು ಜರಡಿಯ ಅಂಚಿಗೆ ಒರಗಿಸಿದ್ದಕ್ಕೇ ಒಂದು ಕಾಲು ಸೊಟ್ಟಗಾಗಿ ಹಾಗೆಯೇ ಉಳಿಯಿತು. ಆಗ ಸ್ಪ್ರಿಂಗ್ ಸ್ಟೀಲಿಗೆ ಹೋದೆ. ಇಲ್ಲಿ ಅನೇಕರಲ್ಲಿರುವ ಒಂದು ತಪ್ಪು ನಂಬಿಕೆಯನ್ನು ಹೇಳಬೇಕು. ಕಾಯಿಸಿ ತಣಿಸಿ ಹದ ಹಾಕಿದ ಸ್ಪ್ರಿಂಗ್ ಸ್ಟೀಲ್ ಮೈಲ್ಡ್ ಸ್ಟೀಲಿಗಿಂತ ಕಡಿಮೆ ಬಾಗುತ್ತದೆ ಎಂದು ಅವರು ತಿಳಿದಿರುತ್ತಾರೆ. ಅದು ಹಾಗಲ್ಲ. ಎರಡರ ಯಂಗ್ ಗುಣಾಂಕವೂ ಹೆಚ್ಚುಕಡಿಮೆ ಒಂದೇ. ಒಂದೇ ದಪ್ಪದ ಪಟ್ಟಿಗಳು ಒಂದೇ ಭಾರಕ್ಕೆ ಒಂದೇ ಅಳತೆಯಲ್ಲಿ ಬಾಗುತ್ತವೆ, ಒಂದೇ ಸ್ಟ್ರೆಸ್ ಹೊರುತ್ತವೆ. ವ್ಯತ್ಯಾಸವಿರುವುದು ಎಷ್ಟು ದೂರ ಬಾಗಿಯೂ ಮರಳಿ ಬರಬಲ್ಲದು ಎಂಬುದರಲ್ಲಿ. ಮೂಟೆ ಒರಗಿಸಿದರೂ ಸ್ಪ್ರಿಂಗ್ ಸ್ಟೀಲ್ ಪಟ್ಟಿ ನೆಟ್ಟಗೆ ನಿಂತಿತು.

ಅದರ ದೌರ್ಬಲ್ಯ ಬೇರೆಡೆ ಇದೆ. ಹದವಾದ ಮೇಲೆ ಅದಕ್ಕೆ ತೂತು ಹೊಡೆಯುವುದು ಕಷ್ಟ, ಆದ್ದರಿಂದ ತೂತು ಹೊಡೆದು, ಬರ್ (ತೂತಿನ ಅಂಚಿನಲ್ಲಿ ಏಳುವ ಚೂಪು ಸಿಬಿರು) ತೆಗೆದು, ಆಮೇಲೆ ಹದಕ್ಕೆ ಕಳಿಸಬೇಕು. ಬರ್ ತೆಗೆಯದೆ ಕಳಿಸಿದ ಒಂದು ಕಂತಿನಲ್ಲಿ ಮೂರು ಪಟ್ಟಿಗಳು ತೂತಿನ ಅಂಚಿನಿಂದಲೇ ಸೀಳಿದವು, ಅದು ನನ್ನದೇ ಅವಸರದ ಫಲ. ಇನ್ನೊಂದು ಪಟ್ಟಿ ಮಳೆಗಾಲದಲ್ಲಿ ತೆರೆದ ಶೆಡ್ಡಿನಲ್ಲಿ ಓಡಿ, ಮೂರನೆಯ ತಿಂಗಳಲ್ಲಿ ಕ್ಲಾಂಪಿನಿಂದ ಎರಡು ಬೆರಳಷ್ಟು ಮೇಲೆ ಮುರಿಯಿತು. ಭೂತಗನ್ನಡಿಯಲ್ಲಿ ನೋಡಿದರೆ ಬಿರುಕು ಸಾಸಿವೆಗಿಂತ ಸಣ್ಣದಾದ ಒಂದು ತುಕ್ಕಿನ ಗುಂಡಿಯಿಂದ ಹೊರಟಿತ್ತು. ತುಕ್ಕು ಹಿಡಿಯುತ್ತಲೇ ಬಾಗುವ ಉಕ್ಕಿಗೆ ‘ಇದಕ್ಕಿಂತ ಕೆಳಗೆ ದಣಿವಿಲ್ಲ’ ಎಂಬ ರಿಯಾಯಿತಿ ಇರುವುದಿಲ್ಲ. ಉಕ್ಕು ಗಡುಸಾದಷ್ಟೂ ಗೀರು, ಗುಂಡಿಗಳಿಗೆ ಅದು ಹೆಚ್ಚು ಹೆದರುತ್ತದೆ.

ಅಲ್ಯೂಮಿನಿಯಂ ಬಗ್ಗೆ ನನಗೆ ಬಹಳ ಆಸೆಯಿತ್ತು. ಯಂಗ್ ಗುಣಾಂಕ ಸುಮಾರು 69,000, ಉಕ್ಕಿನ ಮೂರನೆಯ ಒಂದು ಭಾಗ. ಆದ್ದರಿಂದ ಅಷ್ಟೇ ದೂರ ಬಾಗಿಸಿದರೆ ಸ್ಟ್ರೆಸ್ಸೂ ಮೂರನೆಯ ಒಂದು ಭಾಗ. ತುಕ್ಕಿನ ಕಾಟವೂ ಇಲ್ಲ. 6061-ಟಿ6 ದರ್ಜೆಯ ಐದು ಮಿಲಿಮೀಟರ್ ಪಟ್ಟಿ ಹಾಕಿದೆ, ಲೆಕ್ಕದಲ್ಲಿ ಸ್ಟ್ರೆಸ್ 99. ಈ ದರ್ಜೆಗೆ ಕೋಷ್ಟಕಗಳಲ್ಲಿ ಕೊಡುವ ದಣಿವಿನ ಅಂಕಿ ಸುಮಾರು 97, ಅದೂ ಐವತ್ತು ಕೋಟಿ ಬಾಗುವಿಕೆಗೆ. ಒಂದಿಷ್ಟು ಕೋಟಿಯಾದರೂ ಬರಲಿ ಎಂಬ ಲೆಕ್ಕದಲ್ಲಿದ್ದೆ. ನಾಲ್ಕನೆಯ ದಿನವೇ ಮುರಿಯಿತು. ಕಾರಣ, ಕ್ಲಾಂಪ್ ಎಲ್ಲಿ ಕೂರಬೇಕೆಂದು ಗುರುತಿಸಲು ನಾನೇ ಉಕ್ಕಿನ ಮೊಳೆಯಿಂದ ಎಳೆದಿದ್ದ ಗೆರೆ. ಬಿರುಕು ಸ್ಕೇಲ್ ಇಟ್ಟು ಎಳೆದಂತೆ ಅದೇ ಗೆರೆಯ ಮೇಲೆ ಸಾಗಿತ್ತು. ಎರಡನೆಯ ಸಲ ಪೆನ್ಸಿಲಿನಲ್ಲಿ ಗುರುತಿಸಿ, ಅಂಚುಗಳನ್ನು ಮರಳು ಕಾಗದದಿಂದ ಪಟ್ಟಿಯ ಉದ್ದದ ದಿಕ್ಕಿನಲ್ಲೇ ಉಜ್ಜಿ, ಕ್ಲಾಂಪಿಗೆ ಪ್ಯಾಕಿಂಗ್ ಕೊಟ್ಟು ಓಡಿಸಿದೆ. ಈ ಸಲ ನಲವತ್ತೇಳು ದಿನ ಬಂತು. ಬಹಳ ಸುಧಾರಣೆಯೇ, ಆದರೂ ಮುರಿಯಿತು. ಉಕ್ಕಿನಂತೆ ನೆಮ್ಮದಿಯ ಮಟ್ಟ ಅಲ್ಯೂಮಿನಿಯಂಗೆ ಇಲ್ಲ. ಸ್ಟ್ರೆಸ್ ಇಳಿಸಿದಷ್ಟೂ ಅದರ ಸರದಿ ಮುಂದಕ್ಕೆ ಹೋಗುತ್ತದೆಯೇ ಹೊರತು ತಪ್ಪುವುದಿಲ್ಲ, ಹಾಗಾಗಿ ಬದಲಿಸುವ ತಾರೀಖನ್ನು ಮೊದಲೇ ಬರೆದಿಡಬೇಕಾಗುತ್ತದೆ. 1954ರಲ್ಲಿ ಕಾಮೆಟ್ ಜೆಟ್ ವಿಮಾನಗಳೆರಡು ಮೂರು ತಿಂಗಳ ಅಂತರದಲ್ಲಿ ಇಟಲಿಯ ಸಮುದ್ರಕ್ಕೆ ಬಿದ್ದಾಗ, ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಇಡೀ ವಿಮಾನದೇಹವನ್ನು ನೀರಿನ ತೊಟ್ಟಿಯಲ್ಲಿಟ್ಟು ಮತ್ತೆ ಮತ್ತೆ ಒತ್ತಡಕ್ಕೊಡ್ಡಿ ಕಂಡುಕೊಂಡದ್ದೂ ಅಲ್ಯೂಮಿನಿಯಂ ಹೊದಿಕೆಯಲ್ಲಿ ಕಿಟಕಿಯಂಥ ತೆರಪುಗಳ ಮೂಲೆಯಿಂದ ಹೊರಟ ದಣಿವಿನ ಬಿರುಕುಗಳನ್ನೇ. ನನ್ನ ಮೊಳೆಯ ಗೆರೆ ಅದರ ಮುಂದೆ ಏನೂ ಅಲ್ಲ, ತತ್ತ್ವ ಮಾತ್ರ ಒಂದೇ.

ಪ್ಲಾಸ್ಟಿಕ್‌ಗಳಲ್ಲಿ ಪಾಲಿಕಾರ್ಬೊನೇಟನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಸುತ್ತಿಗೆಯಲ್ಲಿ ಹೊಡೆದರೂ ಒಡೆಯದ ಈ ಹಾಳೆ, ಬೋಲ್ಟ್ ಸಡಿಲವಾಗದಿರಲೆಂದು ಅದರ ತಿರುಪಿನ ಸುತ್ತುಗಳಿಗೆ ಹಚ್ಚಿದ ಅಂಟಿನ ಹನಿ ತಾಗಿ, ಯಂತ್ರ ಶುರುವಾಗುವ ಮೊದಲೇ ತೂತಿನ ಸುತ್ತ ಜೇಡರ ಬಲೆಯಂತೆ ಬಿರುಕು ಬಿಟ್ಟಿತು. ಬಿಗಿದಿಟ್ಟ ಸ್ಟ್ರೆಸ್ಸೂ ಒಗ್ಗದ ರಾಸಾಯನಿಕವೂ ಕೂಡಿದರೆ ಅದಕ್ಕೆ ಹೀಗಾಗುತ್ತದೆ. ಅಲ್ಲದೆ, ಪೆಟ್ಟು ತಡೆಯುವುದರಲ್ಲಿ ಎಷ್ಟು ಗಟ್ಟಿಯೋ ದಣಿವು ತಡೆಯುವುದರಲ್ಲಿ ಅಷ್ಟೇ ಬಡವ. ಕಾವಲು ಬಾಗಿಲಿಗೆ ಅದು ಸರಿ, ಕಾಲಿಗಲ್ಲ.

ಕ್ಯಾಸ್ಟ್ ನೈಲಾನ್ ನನ್ನನ್ನು ಬೇರೆಯೇ ರೀತಿಯಲ್ಲಿ ಮೋಸಗೊಳಿಸಿತು. ಹತ್ತು ಮಿಲಿಮೀಟರ್ ದಪ್ಪ ಹಾಕಿದರೂ ಸ್ಟ್ರೆಸ್ ಒಂಬತ್ತನ್ನು ಮುಟ್ಟುವುದಿಲ್ಲ, ಏಕೆಂದರೆ ಒಣಗಿದ ನೈಲಾನಿನ ಯಂಗ್ ಗುಣಾಂಕ ಮೂರು ಸಾವಿರದ ಆಸುಪಾಸು. ಸದ್ದು ಕಡಿಮೆ, ಉಜ್ಜಾಟದ ಪುಡಿ ಇಲ್ಲ, ಗೀರು ಬಿದ್ದರೂ ಬಿರುಕು ಕಾಣಲಿಲ್ಲ. ಪ್ಲಾಸ್ಟಿಕ್ ಪ್ರತಿ ಸಲ ಬಾಗಿದಾಗಲೂ ಸ್ವಲ್ಪ ಶಕ್ತಿಯನ್ನು ಬಿಸಿಯಾಗಿ ನುಂಗಿಕೊಳ್ಳುತ್ತದೆ, ಆ ಬಿಸಿಯನ್ನು ಬೇಗ ಹೊರಗೆ ಬಿಡುವುದೂ ಇಲ್ಲ. ನಮ್ಮ 350 ಸುತ್ತಿನ ವೇಗದಲ್ಲಿ ಕೈಯಿಟ್ಟರೆ ಬೆಚ್ಚಗೂ ಆಗಿರಲಿಲ್ಲ. (ಪರೀಕ್ಷೆ ಬೇಗ ಮುಗಿಯಲೆಂದು ವೇಗ ಹೆಚ್ಚಿಸುವ ಉಪಾಯ ಉಕ್ಕಿಗೆ ನಡೆಯುತ್ತದೆ, ಪ್ಲಾಸ್ಟಿಕ್‌ನಲ್ಲಿ ಹಾಗೆ ಮಾಡಿದರೆ ನಾವು ಪರೀಕ್ಷಿಸುವುದು ದಣಿವನ್ನಲ್ಲ, ಮೆತ್ತಗಾಗುವುದನ್ನು.) ಏಪ್ರಿಲ್ ಬಂದಾಗ ಪೆಟ್ಟಿಗೆ ಒಂದು ಕಡೆಗೆ ವಾಲಿತು. ಜುಲೈ ಹೊತ್ತಿಗೆ ಕಾಳು ಜರಡಿಯ ಒಂದೇ ಬದಿಗೆ ಹರಿಯತೊಡಗಿತು. ಪಟ್ಟಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟರೆ ಬಾಳೆಕಾಯಿಯಂತೆ ಬಾಗಿತ್ತು. ಪೆಟ್ಟಿಗೆಯ ಸದಾಕಾಲದ ತೂಕ ನೈಲಾನನ್ನು ದಿನದಿನಕ್ಕೂ ಇಷ್ಟಿಷ್ಟೇ ಜಗ್ಗಿಸಿತ್ತು. ಮಳೆಗಾಲದ ತೇವ ಒಳಸೇರಿ ಅದರ ಪೆಡಸುತನವನ್ನೂ ಕುಗ್ಗಿಸಿತ್ತು. ಒಂದೂ ಬಿರುಕಿಲ್ಲದೆ ಅದು ಕೆಲಸಕ್ಕೆ ಬಾರದ್ದಾಯಿತು. ತೇವವನ್ನು ಬಹಳ ಕಡಿಮೆ ಕುಡಿಯುವ ಅಸಿಟಾಲ್ ಎಂಬ ಪ್ಲಾಸ್ಟಿಕ್ ಹಾಕಿದರೆ ವಾಲುವುದು ಕಡಿಮೆಯಾಯಿತಾದರೂ ನಿಲ್ಲಲಿಲ್ಲ. ಬೆಲೆಯೂ ಹೆಚ್ಚಾದ್ದರಿಂದ ಅದನ್ನು ಅಲ್ಲಿಗೇ ಬಿಟ್ಟೆ.

ಕೊನೆಗೆ ಬಂದದ್ದು ಗ್ಲಾಸ್ ಎಪಾಕ್ಸಿ ಹಾಳೆ, ವಿದ್ಯುತ್ ಇನ್ಸುಲೇಷನ್‌ಗೆ ಮಾರುವ ಹಸಿರು-ಹಳದಿ ಬಣ್ಣದ್ದು. ಇದು ಪ್ಲಾಸ್ಟಿಕ್ ಮಾತ್ರವಲ್ಲ, ಗಾಜಿನ ನಾರಿನ ಬಟ್ಟೆಯನ್ನು ಅಂಟಿನಲ್ಲಿ ಪದರ ಪದರವಾಗಿ ಕೂರಿಸಿದ ಹಲಗೆ. ಯಂಗ್ ಗುಣಾಂಕ ಇಪ್ಪತ್ತು ಸಾವಿರದ ಸುತ್ತಮುತ್ತ: ಉಕ್ಕಿನ ಹತ್ತನೆಯ ಒಂದು ಭಾಗ, ನೈಲಾನಿನ ಆರೇಳು ಪಟ್ಟು. ಐದು ಮಿಲಿಮೀಟರ್ ಪಟ್ಟಿಯಲ್ಲಿ ಸ್ಟ್ರೆಸ್ 29ರಷ್ಟು, ಅದರ ಬಾಗುಬಲವೋ ಮುನ್ನೂರಕ್ಕೂ ಮೇಲೆ. ಬಾಗುವುದಕ್ಕೆ ಸಾಕಷ್ಟು ಮೆತ್ತಗೆ, ತೂಕ ಹೊರುವುದಕ್ಕೆ ಸಾಕಷ್ಟು ಪೆಡಸು. ಎರಡು ಕೋಟಿ ಬಾಗುವಿಕೆ ದಾಟಿದ ಮೇಲೂ ಮೊದಲ ಸೆಟ್ ಇನ್ನೂ ಯಂತ್ರದಲ್ಲಿದೆ.

ತೊಂದರೆ ಇಲ್ಲವೆಂದಲ್ಲ. ಕತ್ತರಿಸುವಾಗ ಏಳುವ ಧೂಳು ಚರ್ಮಕ್ಕೂ ಉಸಿರಿಗೂ ಕೆಟ್ಟದ್ದು, ಮಾಸ್ಕ್ ಇಲ್ಲದೆ ಯಾರನ್ನೂ ಆ ಕೆಲಸಕ್ಕೆ ಬಿಡುವುದಿಲ್ಲ. ಡ್ರಿಲ್ ಮಾಡುವಾಗ ಕೆಳಗೆ ಮರದ ತುಂಡು ಕೊಡದಿದ್ದರೆ ತೂತಿನ ಹಿಂಬದಿ ಪದರ ಸೀಳುತ್ತದೆ. ಬೋಲ್ಟನ್ನು ಅತಿಯಾಗಿ ಬಿಗಿದರೆ ವಾಷರ್ ಕೆಳಗೆ ಅಂಟು ನಜ್ಜುಗುಜ್ಜಾಗುತ್ತದೆ, ಹಾಗಾಗಿ ಅಗಲವಾದ ಉಕ್ಕಿನ ತಟ್ಟೆ ಬೇಕೇ ಬೇಕು. ಆದರೆ ಉಕ್ಕು ಮತ್ತು ಅಲ್ಯೂಮಿನಿಯಂ ಎರಡರಲ್ಲೂ ಇಲ್ಲದ ಒಂದು ಸೌಜನ್ಯ ಇದಕ್ಕಿದೆ. ಅವು ಕೊನೆಯ ಗಳಿಗೆಯವರೆಗೆ ಚೆನ್ನಾಗಿಯೇ ಕಂಡು ಥಟ್ಟನೆ ಕೈಕೊಡುತ್ತವೆ. ಇದು ಕ್ಲಾಂಪಿನ ಅಂಚಿನಲ್ಲಿ ಮೊದಲು ಬೆಳ್ಳಗಾಗುತ್ತದೆ, ಆಮೇಲೆ ಪಕ್ಕದಿಂದ ನೋಡಿದರೆ ಪದರ ಬಿಡುವ ಕೂದಲೆಳೆ ಗೆರೆ ಕಾಣುತ್ತದೆ, ಅದಾದ ಮೇಲೂ ಬಹಳ ದಿನ ನಿಲ್ಲುತ್ತದೆ.

ಈಗ ಸಾಮಾನ್ಯ ಜರಡಿಗಳಿಗೆಲ್ಲ ಗ್ಲಾಸ್ ಎಪಾಕ್ಸಿಯನ್ನೇ ಹಾಕುತ್ತಿದ್ದೇನೆ. ಡ್ರೈಯರ್ ಪಕ್ಕದಲ್ಲಿ ಬಿಸಿಗಾಳಿ ಹೊಡೆಯುವ ಯಂತ್ರಗಳಿಗೂ, ಜೋಡಿ ಪೆಟ್ಟಿಗೆಯ ಭಾರದ ಯಂತ್ರಗಳಿಗೂ ಎರಡು ಮಿಲಿಮೀಟರ್ ಸ್ಪ್ರಿಂಗ್ ಸ್ಟೀಲ್ ಪಟ್ಟಿಗಳನ್ನು ಎರಡೆರಡಾಗಿ, ನಡುವೆ ತುದಿಗಳಲ್ಲಿ ಮಾತ್ರ ಪ್ಯಾಕಿಂಗ್ ಇಟ್ಟು, ಪೇಂಟ್ ಹೊಡೆದು ಕೂರಿಸುತ್ತೇನೆ; ಹೀಗೆ ಜೋಡಿಸಿದರೆ ಹೊರುವ ಬಲ ಎರಡು ಪಟ್ಟಾದರೂ ಪ್ರತಿ ಪಟ್ಟಿಯ ಸ್ಟ್ರೆಸ್ 118ರಲ್ಲೇ ಉಳಿಯುತ್ತದೆ. ಯಂತ್ರ ಒಯ್ಯುವವರಿಗೆ ಬಿಳಿ ಕಲೆ ಎಲ್ಲಿ ಬರುತ್ತದೆಂದು ಒಂದು ಹಳೆಯ ಪಟ್ಟಿಯನ್ನು ಕೈಗೆ ಕೊಟ್ಟು ತೋರಿಸಿ, ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಅಲ್ಲೇ ನೋಡಲು ಹೇಳುತ್ತೇನೆ. ಐದು ಮಿಲಿಮೀಟರಿನ ಆ ಎರಡು ಮುರಿದ ತುಂಡುಗಳಲ್ಲಿ ಒಂದು ಈಗಲೂ ಫಿಟ್ಟರ್ ಮೇಜಿನ ಮೇಲಿದೆ. ಯಾರಾದರೂ ಬಂದು “ಸ್ವಲ್ಪ ದಪ್ಪ ಹಾಕಿಕೊಡಿ” ಎಂದರೆ ಅವನೇ ಅದನ್ನು ಎತ್ತಿ ತೋರಿಸುತ್ತಾನೆ.