800 ಕ್ಯಾಲೊರಿ ಡಯಟ್ಟಾ, ದಿನಕ್ಕೆ 400 ಕಡಿಮೆ ತಿನ್ನೋದಾ? ಎರಡೂ ಮಾಡಿದ್ದೀನಿ

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ನಿಧಾನದ ದಾರಿಗೆ. ಮೊದಲನೇ ಸಲ ಊಟದ ಬದಲು ಶೇಕ್ ಪ್ಯಾಕೆಟ್ ತಗೊಂಡು ದಿನಕ್ಕೆ 800 ಕ್ಯಾಲೊರಿ ಅಂತ ಹತ್ತು ವಾರ ಮಾಡ್ದೆ, 10 ಕೆಜಿ ಇಳೀತು, ಒಂದು ವರ್ಷದೊಳಗೆ 8 ವಾಪಸ್ ಬಂತು. ಎರಡನೇ ಸಲ ಮನೆ ಊಟಾನೇ, ದೇಹಕ್ಕೆ ಬೇಕಾಗಿದ್ದಕ್ಕಿಂತ 400 ಕಡಿಮೆ, ಆರು ತಿಂಗಳಿಗೆ 7 ಕೆಜಿ.

ಸ್ಪೀಡ್ ಬೇಕು ಅಂದ್ರೆ 800ರದ್ದೇ ಗೆಲುವು. ಮೊದಲ ವಾರದಲ್ಲೇ 3 ಕೆಜಿ ಹೋಗಿತ್ತು, ಅದ್ರಲ್ಲಿ ಜಾಸ್ತಿ ಪಾಲು ಗ್ಲೈಕೋಜನ್ (ದೇಹ ಕೂಡಿಟ್ಟ ಸಕ್ಕರೆ) ಜೊತೆ ಹೋಗೋ ನೀರು ಅಂತ ಆಮೇಲೆ ಗೊತ್ತಾಯ್ತು.

ನನಗೆ ತಲೆ ಕೆಟ್ಟಿದ್ದು ಆರನೇ ವಾರದಲ್ಲಿ. ತೂಕ ಅಲ್ಲೇ ನಿಂತೋಯ್ತು, ತಿನ್ನೋದು ಅಷ್ಟೇ, ಬೆಳಗಿನ ವಾಕಿಂಗೂ ಒಂದು ದಿನ ತಪ್ಪಿಸಿಲ್ಲ, ಆದ್ರೂ ಮುಳ್ಳು ಅಲ್ಲಾಡ್ತಿಲ್ಲ. ಅದರ ಜೊತೆ ಚಳಿ ಬೇರೆ. ಮನೇಲಿ ಎಲ್ರೂ ಫ್ಯಾನ್ ಹಾಕು ಅಂತಿದ್ರೆ ನಾನು ಸ್ವೆಟರ್ ಹಾಕ್ಕೊಂಡು ಕೂತಿರ್ತಿದ್ದೆ, ಬೆರಳ ತುದಿ ಮಂಜುಗಡ್ಡೆ ಥರ. ಒಂದಿನ ಫೋನಲ್ಲಿ ಸ್ಟೆಪ್ಸ್ ತೆಗೆದು ನೋಡಿದ್ರೆ 9 ಸಾವಿರ ಇರ್ತಿದ್ದಿದ್ದು 5 ಸಾವಿರಕ್ಕೆ ಬಂದಿದೆ! ವಾಕಿಂಗ್ ಬಿಟ್ಟಿಲ್ಲ, ಹಾಗಾದ್ರೆ ಮಿಕ್ಕಿದ್ದೆಲ್ಲಿ ಹೋಯ್ತು? ಗಮನಿಸ್ತಾ ಹೋದಾಗ ಗೊತ್ತಾಯ್ತು, ಫೋನ್ ಬಂದ್ರೆ ಓಡಾಡ್ತಾ ಮಾತಾಡೋಳು ಈಗ ಕೂತಲ್ಲೇ ಮಾತಾಡ್ತಿದ್ದೀನಿ, ಮೇಲೆ ಹೋಗಿ ಏನಾದ್ರೂ ತರ್ಬೇಕು ಅಂದ್ರೆ ನಾಲ್ಕು ಕೆಲಸ ಒಟ್ಟಾಗ್ಲಿ ಅಂತ ಕಾಯ್ತಿದ್ದೀನಿ.

ಇದು ಸೋಮಾರಿತನ ಅಲ್ಲ ಕಣ್ರೀ. ಊಟ ತೀರಾ ಕಡಿಮೆ ಆದಾಗ ಕೊಬ್ಬು ಎಷ್ಟಿದೆ ಅಂತ ಮೆದುಳಿಗೆ ಹೇಳೋ ಲೆಪ್ಟಿನ್ ಅನ್ನೋ ಹಾರ್ಮೋನ್ ಇಳಿಯುತ್ತೆ, ಥೈರಾಯ್ಡ್‌ನ ಟಿ3 ಹಾರ್ಮೋನೂ ಇಳಿಯುತ್ತೆ, ದೇಹ ನಮ್ಮನ್ನ ಕೇಳ್ದೇನೇ ಕ್ಯಾಲೊರಿ ಖರ್ಚು ಕಮ್ಮಿ ಮಾಡ್ಕೊಳ್ಳುತ್ತೆ. ಅಡಾಪ್ಟಿವ್ ಥರ್ಮೋಜೆನೆಸಿಸ್ ಅಂತಾರಲ್ಲ, ಅದೇ. ತೂಕ ಇಳಿದ ಮೇಲೆ ಚಿಕ್ಕ ದೇಹಕ್ಕೆ ಕಡಿಮೆ ಸಾಕು ಅನ್ನೋದು ಸಹಜ, ಇದು ಅದರ ಮೇಲಿನ ಕಡಿತ. 1944-45ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಜನ ಗಂಡಸರಿಗೆ 24 ವಾರ ಅರ್ಧ ಹೊಟ್ಟೆ ಊಟ ಕೊಟ್ಟು ನೋಡಿದ್ರಲ್ಲ, ಅವರ ತೂಕ ಕಾಲು ಭಾಗ ಇಳಿದ್ರೆ ಸುಮ್ನೆ ಮಲಗಿದ್ದಾಗಿನ ಖರ್ಚು ಹತ್ತಿರ ಹತ್ತಿರ 40% ಇಳಿದಿತ್ತು. ಅವ್ರಿಗೂ ಯಾವಾಗ್ಲೂ ಚಳಿ. ಅದನ್ನ ಓದಿದಾಗ ನನ್ನ ಸ್ವೆಟರ್ ನೆನಪಾಯ್ತು.

ಕೂದಲು: ಶೇಕ್ ನಿಲ್ಲಿಸಿದ ಮೇಲೂ ಎರಡು ತಿಂಗಳು ಬಾಚಣಿಗೆ ತುಂಬ ಬರ್ತಿತ್ತು.

400ರ ಡಯಟಲ್ಲೂ ಖರ್ಚು ಇಳಿಯುತ್ತೆ, ಇಳಿಯಲ್ಲ ಅಂತಲ್ಲ. ಆದ್ರೆ ಸ್ಟೆಪ್ಸ್ 8 ಸಾವಿರದ ಕೆಳಗೆ ಬರ್ಲಿಲ್ಲ, ವಾರಕ್ಕೆ ಮೂರು ದಿನ ಡಂಬೆಲ್ಸ್ ಎತ್ತೋಕೆ ಶಕ್ತಿ ಇತ್ತು. ಪ್ರೋಟೀನ್ ಜಾಸ್ತಿ ಮಾಡ್ದೆ, ಅದ್ರ ಕ್ಯಾಲೊರೀಲಿ 20ರಿಂದ 30% ಅರಗಿಸ್ಕೊಳ್ಳೋಕೇ ಹೋಗುತ್ತೆ, ಮಸಲ್ಲೂ ಉಳಿಯುತ್ತೆ. ಕಷ್ಟ ಅಂದ್ರೆ ತಾಳ್ಮೆ, ಕೆಲವು ವಾರ ಬರೀ 200 ಗ್ರಾಂ.

ದುಡ್ಡು: ಶೇಕಿಗೆ ತಿಂಗಳು ತಿಂಗಳು ಸುರೀಬೇಕು, ಇದಕ್ಕೆ ಅಡುಗೆಮನೆ ತಕ್ಕಡಿ ಒಂದು ಸಾಕಾಯ್ತು.

ಬೇಗ ಇಳಿಸಿದ್ರೆ ಬೇಗ ವಾಪಸ್ ಬರುತ್ತೆ ಅಂತ ಎಲ್ರಿಗೂ ಹೇಳೋಕಾಗಲ್ಲ, ಅದನ್ನೂ ಹೇಳ್ಬೇಕು. 2014ರ ಆಸ್ಟ್ರೇಲಿಯಾದ ಸ್ಟಡೀಲಿ ಬೇಗ ಇಳಿಸಿದವ್ರಿಗೂ ನಿಧಾನಕ್ಕೆ ಇಳಿಸಿದವ್ರಿಗೂ ಮೂರು ವರ್ಷದಲ್ಲಿ ಸುಮಾರು 70% ವಾಪಸ್ ಬಂದಿತ್ತು. ಹಾಗಾಗಿ ನನ್ನ ಆಯ್ಕೆಗೆ ಕಾರಣ ಅದಲ್ಲ. ನಾನು ದಿನವಿಡೀ ಓಡಾಡ್ಕೊಂಡಿರೋಳು, ಮನೆಯವ್ರ ಜೊತೆ ಕೂತು ಉಣ್ಣೋಳು, 800ರಲ್ಲಿ ಇವೆರಡೂ ಹೋಯ್ತು. ಶುಗರ್ ಇರೋರಿಗೆ ಡಾಕ್ಟ್ರೇ 800 ಹೇಳಿದ್ರೆ ಅದು ಬೇರೆ, ಅಲ್ಲಿ ಬ್ಲಡ್ ಟೆಸ್ಟು, ಮಾತ್ರೆ ಡೋಸು ಎಲ್ಲಾ ಅವ್ರು ನೋಡ್ಕೋತಾರೆ. ನನ್ ಥರ ಒಬ್ಬರೇ ಶುರು ಮಾಡೋದಾದ್ರೆ ಮಾತ್ರ 800 ಬೇಡ.