ಹಳೆ ಫೈಬರ್ ದೋಣಿಗೆ ದೊಡ್ಡ ಎಂಜಿನ್ ಕೂರಿಸುವ ಮುಂಚೆ ಹಿಂಬದಿ ಹಲಗೆ ತೂತು ಕೊರೆದು ನೋಡಿ

ಹಳೆ ಫೈಬರ್ ದೋಣಿ ಕೊಂಡು, ರಿಪೇರಿ ಮಾಡಿಸಿ, ಸ್ವಲ್ಪ ದೊಡ್ಡ ಎಂಜಿನ್ ಕೂರಿಸೋಣ ಅಂತ ಯಾರಾದರೂ ಯೋಚನೆ ಮಾಡುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ವರ್ಷ ಕುಂದಾಪುರ ಹತ್ತಿರದ ಗಂಗೊಳ್ಳಿ ಅಳಿವೆಯಲ್ಲಿ, ಅಂದರೆ ಹೊಳೆ ಸಮುದ್ರ ಸೇರುವ ಜಾಗದಲ್ಲಿ, ನಾನೂ ನನ್ನ ಮಾವನೂ ಸ್ವಲ್ಪದರಲ್ಲಿ ಉಳಿದುಕೊಂಡೆವು. ಅವತ್ತು ಗಾಳಿ ಜಾಸ್ತಿ ಇರಲಿಲ್ಲ. ತೆರೆಯೂ ಅಂಥದ್ದೇನಲ್ಲ. ಎಂಜಿನ್ ಹಿಡಿದುಕೊಂಡಿದ್ದ ಹಿಂಬದಿ ಹಲಗೆ ಒಳಗೊಳಗೇ ಕೊಳೆತಿತ್ತು.

ದೋಣಿ 24 ಅಡಿಯದ್ದು. ಮೇ ತಿಂಗಳಲ್ಲಿ 90 ಸಾವಿರಕ್ಕೆ ಕೊಂಡೆ. ಮಾರಿದವರು ಅದಕ್ಕೆ 9.9 ಎಚ್‌ಪಿ ಎಂಜಿನ್ ಹಾಕಿ ಓಡಿಸುತ್ತಿದ್ದರು. ದೋಣಿಗೆ ಆಗಷ್ಟೇ ಹೊಸ ಪೇಂಟ್ ಹೊಡೆದಿದ್ದರು. ನಾನು ಅಡಿಭಾಗ ನೋಡಿದೆ, ಅಂಚು ನೋಡಿದೆ, ಒಂದೆರಡು ಬಿರುಕು ಕಂಡವು. ರಿಪೇರಿ ಮಾಡಿಸಿದರಾಯ್ತು ಅಂದುಕೊಂಡೆ. ಹಿಂಬದಿ ಹಲಗೆಯನ್ನು ಕೈಯಿಂದ ತಟ್ಟಿಯೂ ನೋಡಲಿಲ್ಲ. ಅಲ್ಲೇ ನಾನು ತಪ್ಪಿದ್ದು.

ಫೈಬರ್ ದೋಣಿ ಅಂದರೆ ಎಲ್ಲವೂ ಫೈಬರ್ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಎಂಜಿನ್ ಕೂರುವ ಹಿಂಬದಿಯ ಒಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ಸುಮಾರು ಒಂದೂವರೆ ಇಂಚು ದಪ್ಪ. ಅದರ ಎರಡೂ ಕಡೆ ಫೈಬರ್ ಹೊದಿಕೆ. ಎಂಜಿನ್ನಿನ ಬೋಲ್ಟ್ ಹಾಕಲು ತೂತು ಕೊರೆಯುತ್ತಾರೆ. ಆ ತೂತಿನ ಒಳಮೈಗೆ ರೆಸಿನ್ (ಫೈಬರ್ ಕೆಲಸದ ಗಟ್ಟಿಯಾಗುವ ಅಂಟು) ಹಚ್ಚಿ ಮುಚ್ಚದಿದ್ದರೆ ನೀರು ಸೀದಾ ಮರಕ್ಕೆ ಇಳಿಯುತ್ತದೆ. ಉಪ್ಪುನೀರಿಗಿಂತ ಮಳೆನೀರೇ ಮರಕ್ಕೆ ಕೆಟ್ಟದ್ದು, ಬೇಗ ಕೊಳೆಸುತ್ತದೆ. ನಮ್ಮ ಕರಾವಳಿಯ ಮಳೆಗೆ ಎರಡು ವರ್ಷ ಬಾಯಿ ಮೇಲೆ ಮಾಡಿ ನಿಲ್ಲಿಸಿದ ದೋಣಿಯ ಗತಿ ನೀವೇ ಯೋಚಿಸಿ. ಹೊರಗಿನ ಫೈಬರ್‌ಗೆ ಏನೂ ಆಗಿರುವುದಿಲ್ಲ. ಅದಕ್ಕೇ ಕಣ್ಣಿಗೆ ಗೊತ್ತಾಗುವುದಿಲ್ಲ.

ರಿಪೇರಿಗೆ ಒಬ್ಬರನ್ನು ಹಿಡಿದೆ. ಹೆಸರು ಹೇಳುವುದಿಲ್ಲ. "ಹ್ವಾಯ್, ಎಂತ ಹೆದ್ರಿಕೆ ಬೇಡ, ಮೂರು ದಿನದ ಕೆಲ್ಸ" ಅಂದರು. ಹಿಂಬದಿಯಲ್ಲಿ ಒಂದು ಕಡೆ ಮೆತ್ತಗಿದ್ದದ್ದನ್ನು ಅವರೇ ನೋಡಿದರು. ಅಂಗೈ ಅಗಲ ಕತ್ತರಿಸಿ, ಅಷ್ಟಕ್ಕೇ ಹೊಸ ಪ್ಲೈವುಡ್ ತುಂಡು ಇಟ್ಟು, ಮೇಲೆ ಮ್ಯಾಟ್ (ಗಾಜಿನ ನೂಲಿನ ಹಾಳೆ) ಅಂಟಿಸಿದರು. ಇಟ್ಟದ್ದು ಮನೆಯ ಕಪಾಟಿಗೆ ಬಳಸುವಂಥ ಪ್ಲೈವುಡ್. ಐಎಸ್ 710 ಗುರುತಿರುವ ಮರೈನ್ ಪ್ಲೈ ಬೇಕಿತ್ತು. ಅದು ನನಗೆ ಆಮೇಲೆ ಗೊತ್ತಾಯಿತು.

ಜೂನ್ ತಿಂಗಳು, ಹೊರಗೆ ಮಳೆ ಸುರಿಯುತ್ತಿತ್ತು. ಟಾರ್ಪಾಲು ಕಟ್ಟಿ ಅದರ ಅಡಿಯಲ್ಲೇ ಕೆಲಸ. ಮ್ಯಾಟ್ ಪಸೆ ಹಿಡಿದಿತ್ತು. ಹಳೆ ಪೇಂಟನ್ನು ಪೂರ್ತಿ ತೆಗೆಯಲೇ ಇಲ್ಲ. ಉಪ್ಪುಕಾಗದದಿಂದ ನಾಲ್ಕು ಸಲ ಉಜ್ಜಿ ಅದರ ಮೇಲೇ ರೆಸಿನ್ ಹಚ್ಚಿದರು. ದಯವಿಟ್ಟು ಇದನ್ನು ಗಮನಿಸಿ. ಹಳೆ ಫೈಬರ್ ಮೇಲೆ ಹೊಸದು ಕೂರಬೇಕಾದರೆ ಗ್ರೈಂಡರ್ ಹಿಡಿದು ಪೇಂಟ್, ಅದರಡಿಯ ನುಣುಪು ಪದರವಾದ ಜೆಲ್‌ಕೋಟ್ ಎಲ್ಲ ತೆಗೆದು ಒಳಗಿನ ಗಾಜಿನ ನೂಲು ಕಾಣಬೇಕು. ಅಸಿಟೋನ್‌ನಲ್ಲಿ ಒರೆಸಬೇಕು. ಪೂರ್ತಿ ಒಣಗಿರಬೇಕು. ಪೇಂಟ್ ಮೇಲೆ ಹಚ್ಚಿದ ಮ್ಯಾಟ್ ಪೇಂಟ್ ಜೊತೆಗೇ ಎದ್ದು ಬರುತ್ತದೆ. ನಮ್ಮದು ಹಾಗೇ ಎದ್ದು ಬಂತು.

ಇನ್ನೊಂದು ಘಟನೆ ಹೇಳಲೇಬೇಕು, ಇದು ದೋಣಿಗಿಂತ ದೊಡ್ಡದು. ನಮ್ಮಲ್ಲಿ ಸಿಗುವ ಸಾಮಾನ್ಯ ಪಾಲಿಯೆಸ್ಟರ್ ರೆಸಿನ್‌ಗೆ ಎಷ್ಟೋ ಸಲ ಅದು ಗಟ್ಟಿಯಾಗಲು ಎರಡು ದ್ರವ ಬೇರೆಬೇರೆಯಾಗಿ ಸೇರಿಸಬೇಕಾಗುತ್ತದೆ. ಒಂದು ನೇರಳೆ ಬಣ್ಣದ ಕೋಬಾಲ್ಟ್, ಇನ್ನೊಂದು ನೀರಿನಂತೆ ಕಾಣುವ ಹಾರ್ಡನರ್. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಬೇಕು, ಆಮೇಲೆ ಹಾರ್ಡನರ್. ಆ ಕೆಲಸದ ಹುಡುಗ ಅವಸರದಲ್ಲಿ ಎರಡನ್ನೂ ಒಂದೇ ಮಗ್ಗಿಗೆ ಸುರಿದ. ಬುಸ್ ಅಂತ ಹೊಗೆ ಎದ್ದು ಮಗ್ಗು ಕರಗಿತು. ಹುಡುಗ ಹಿಂದೆ ಹಾರಿದ್ದರಿಂದ ಮುಖ ಉಳಿಯಿತು. ಇವೆರಡೂ ನೇರವಾಗಿ ಸೇರಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು ಇಲ್ಲದೆ ನಿಮ್ಮ ಮಕ್ಕಳನ್ನೋ ಕೆಲಸದವರನ್ನೋ ಅದರ ಹತ್ತಿರ ಬಿಡಬೇಡಿ. ಅವತ್ತೇ ನಾನು ಕೆಲಸ ನಿಲ್ಲಿಸಬೇಕಿತ್ತು. ಅರ್ಧಕ್ಕೆ ಬಿಟ್ಟರೆ ಹೇಗೆ ಅಂತ ಸುಮ್ಮನಾದೆ.

ರೆಸಿನ್ ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಕಣ್ಣಳತೆಯಲ್ಲಿ ಸುರಿಯುತ್ತಿದ್ದರು. ಸಾಮಾನ್ಯವಾಗಿ ಕೆಜಿ ರೆಸಿನ್‌ಗೆ 10ರಿಂದ 20 ಗ್ರಾಂ ಸಾಕು. ಡಬ್ಬಿಯ ಮೇಲೆ ಬರೆದ ಅಳತೆ ನೋಡಿ, ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು. ಜಾಸ್ತಿಯಾದರೆ ಕಾದು ಬಿರುಕು ಬಿಡುತ್ತದೆ.

28 ಸಾವಿರ ಕೊಟ್ಟೆ. ಮೇಲೆ ಪೇಂಟ್ ಬಿದ್ದ ಮೇಲೆ ದೋಣಿ ಹೊಸದರ ಹಾಗೆ ಕಂಡಿತು. ಅದೇ ಉತ್ಸಾಹದಲ್ಲಿ ಒಂದು ಹಳೆ 25 ಎಚ್‌ಪಿ ಎಂಜಿನ್ ತಂದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ 10 ಎಚ್‌ಪಿ ವರೆಗಿನ ನಾಡದೋಣಿಗೆ ಮಾತ್ರ ವಿನಾಯಿತಿ. ಅಂದರೆ ದೊಡ್ಡ ಎಂಜಿನ್ ಕೂರಿಸಿದವನಿಗೆ ಮಳೆಗಾಲದ ಚಟ್ಲಿ (ಸಿಗಡಿ) ಸೀಸನ್ ಹೋಯಿತು. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ನೋಂದಣಿ ಕಾಗದದಲ್ಲಿ ಎಂಜಿನ್ ವಿವರ ಬದಲಾಯಿಸುವ ಕೆಲಸ ಬೇರೆ.

ನೂಲ ಹುಣ್ಣಿಮೆ ಕಳೆದು ಮೂರನೇ ದಿನ ಹೊರಟೆವು. ಪಂಚಗಂಗಾವಳಿ ಹೊಳೆಯಲ್ಲಿ ದೋಣಿ ಚೆನ್ನಾಗಿಯೇ ಓಡಿತು. ಅಳಿವೆ ಬಾಯಲ್ಲಿ ತೆರೆ ದಾಟಲು ಎಕ್ಸಲೇಟರ್ ಕೊಟ್ಟೆ. ಮೊದಲನೇ ತೆರೆ ದಾಟಿತು. ಎರಡನೆಯದಕ್ಕೆ ಹಿಂದಿನಿಂದ ಕರಕ್ ಅಂತ ಸದ್ದು. ತಿರುಗಿ ನೋಡಿದರೆ ಎಂಜಿನ್ ನನ್ನ ಕಡೆಯಿಂದ ಹೊರಕ್ಕೆ ವಾಲುತ್ತಿದೆ. ಹಲಗೆಯ ಮೇಲಂಚು ಬಾಯಿ ಬಿಟ್ಟಿತ್ತು. ಅದರೊಳಗೆ ಕಪ್ಪಗೆ ಒದ್ದೆ ಗೊಬ್ಬರದ ಹಾಗೆ ಮರ ಕಂಡಿತು. ಆ ನೋಟ ಇವತ್ತಿಗೂ ಕಣ್ಣಿಂದ ಹೋಗಿಲ್ಲ.

ಎಂಜಿನ್ ನಿಂತಿತು. ಒಡೆದ ಜಾಗದಿಂದ ನೀರು ಬರತೊಡಗಿತು. ದೋಣಿ ತೆರೆಗೆ ಅಡ್ಡ ತಿರುಗುತ್ತಿತ್ತು. ಅಡ್ಡ ತಿರುಗಿದರೆ ಮಗುಚುತ್ತದೆ. "ಎಂಜಿನ್ ಹಿಡ್ಕೊ ಮಾರಾಯ, ಲಂಗರ್ ನಾ ಬಿಡ್ತೆ" ಅಂತ ಮಾವ ಕೂಗಿದರು. ಮುಂದಿನಿಂದ ಲಂಗರು ಬಿಟ್ಟದ್ದೇ ನಮ್ಮನ್ನು ಉಳಿಸಿದ್ದು. ಮೂತಿ ತೆರೆಗೆ ಎದುರಾಗಿ ನಿಂತಿತು. ನಾನು ಎಂಜಿನ್‌ಗೆ ಹಗ್ಗ ಸುತ್ತಿ ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಬಕೆಟ್‌ನಿಂದ ನೀರು ಮೊಗೆದೆ. ಹಿಂದೆ ಬರುತ್ತಿದ್ದ ದೋಣಿಯವರು ಹಗ್ಗ ಎಸೆದು ಎಳೆದು ತಂದರು. ಅವರ ಋಣ ನನ್ನ ಮೇಲಿದೆ. ಇಬ್ಬರೂ ಲೈಫ್ ಜಾಕೆಟ್ ಹಾಕಿದ್ದೆವು. ಮಾವನಿಗೆ ಅದು ಇಷ್ಟವಿರಲಿಲ್ಲ, ನನ್ನ ಹೆಂಡತಿ ಒತ್ತಾಯ ಮಾಡಿ ಹಾಕಿಸಿದ್ದಳು.

ಆಮೇಲೆ ಬೇರೊಬ್ಬ ಹಿರಿಯ ಕೆಲಸಗಾರರು ಬಂದು ನೋಡಿದರು. ಸಣ್ಣ ಸುತ್ತಿಗೆ ಹಿಡಿದು ಹಲಗೆಯ ಉದ್ದಕ್ಕೂ ತಟ್ಟಿದರು. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಕೊಳೆತಲ್ಲಿ ಬೊದ್ ಅನ್ನುತ್ತದೆ. ಮುಕ್ಕಾಲು ಭಾಗ ಬೊದ್ ಅಂದಿತು. ಐದು ನಿಮಿಷದ ಕೆಲಸ ಇದು. ಕೊಳ್ಳುವ ಮುಂಚೆ ನಾನೇ ಮಾಡಬಹುದಿತ್ತು, ಅಲ್ವಾ? ಅನುಮಾನ ಬಂದರೆ ಮಾರುವವರನ್ನು ಕೇಳಿ ಒಳಗಡೆಯಿಂದ, ಕೆಳಭಾಗದಲ್ಲಿ ಸಣ್ಣ ಡ್ರಿಲ್‌ನಿಂದ ಒಂದು ತೂತು ಹಾಕಿ. ಬರುವ ಪುಡಿ ಒಣಗಿ ಮರದ ಬಣ್ಣ ಇದ್ದರೆ ಸರಿ. ಕಪ್ಪಗೆ ಒದ್ದೆಯಾಗಿ ಬಂದರೆ ಹಲಗೆ ಹೋಗಿದೆ ಅಂತಲೇ ತಿಳಿಯಿರಿ. ನೋಡಿದ ಮೇಲೆ ತೂತನ್ನು ಎಪಾಕ್ಸಿಯಿಂದ (ನೀರು ಬಿಡದ ಗಟ್ಟಿ ಅಂಟು) ಮುಚ್ಚಿಬಿಡಿ. ಅದಕ್ಕೂ ಒಪ್ಪದವರ ದೋಣಿ ಕೊಳ್ಳಬೇಡಿ. ಅಡಿಭಾಗದಲ್ಲಿ ಗುಳ್ಳೆಗಳಿದ್ದರೆ ಒಂದನ್ನು ಒಡೆದು ನೋಡಿ. ಹುಳಿ ವಾಸನೆಯ ನೀರು ಬಂದರೆ ಫೈಬರ್ ಒಳಕ್ಕೆ ನೀರು ಹೋಗಿದೆ. ಕಾಲಿಡುವ ಜಾಗದ ಅಡಿಯಲ್ಲಿ ಫೋಮ್ ಇದ್ದರೆ ಅದೂ ನೀರು ಕುಡಿದು ಭಾರವಾಗಿರಬಹುದು.

ಎರಡನೇ ರಿಪೇರಿ ಡಿಸೆಂಬರ್‌ನಲ್ಲಿ, ಒಣ ಹವೆಯಲ್ಲಿ ಮಾಡಿಸಿದೆ. ಒಳಗಿನ ಹೊದಿಕೆ ಪೂರ್ತಿ ಕತ್ತರಿಸಿ, ಕೊಳೆತದ್ದನ್ನೆಲ್ಲ ಉಳಿಯಲ್ಲಿ ಕೆತ್ತಿ ತೆಗೆದರು. ಹೊರಹೊದಿಕೆ ಹತ್ತು ದಿನ ಒಣಗಿತು. 18 ಎಂಎಂನ ಎರಡು ಮರೈನ್ ಪ್ಲೈ ಹಲಗೆಗಳನ್ನು ಎಪಾಕ್ಸಿಯಲ್ಲಿ ಅಂಟಿಸಿ ಕೂರಿಸಿದರು. ಅಂಚಿಗೆಲ್ಲ ಎಪಾಕ್ಸಿ. ಮೇಲಿನ ಗಾಜಿನ ಬಟ್ಟೆಯನ್ನು ಎರಡೂ ಪಕ್ಕಕ್ಕೆ ಗೇಣುದ್ದ ಹಾಯಿಸಿದರು, ಎಳೆತ ಪೂರ್ತಿ ಹಲಗೆಯ ಮೇಲೇ ಬೀಳಬಾರದು ಅಂತ. ಬೋಲ್ಟ್ ತೂತುಗಳನ್ನು ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ನಡುವೆ ಮತ್ತೆ ಕೊರೆದರು. ಹೀಗೆ ಮಾಡಿದರೆ ಬೋಲ್ಟ್ ಸಡಿಲವಾದರೂ ನೀರು ಮರ ಮುಟ್ಟುವುದಿಲ್ಲ. 46 ಸಾವಿರ ಆಯಿತು. ಮೊದಲೇ ಹೀಗೆ ಮಾಡಿಸಿದ್ದರೆ ಆ 28 ಸಾವಿರ ಉಳಿಯುತ್ತಿತ್ತು.

25 ಎಚ್‌ಪಿ ಎಂಜಿನ್ ಮಾರಿದೆ. ಈ ದೋಣಿ ಕಟ್ಟಿದ್ದು ಸಣ್ಣ ಎಂಜಿನ್‌ಗೆ. ಹಲಗೆ ಹೊಸದಾದರೂ ಅಡಿ, ಪಕ್ಕ ಎಲ್ಲ ಹಳೆಯದೇ ಅಂತ ಹಿರಿಯರು ಹೇಳಿದರು. ಈಗ 9.9 ಹಾಕಿ ಓಡಿಸುತ್ತಿದ್ದೇನೆ. ಕಿತ್ತ ಹಲಗೆಯ ಒಂದು ತುಂಡು ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದೇನೆ. ಹಳೆ ದೋಣಿ ನೋಡಲು ಹೊರಟವರು ಗಂಗೊಳ್ಳಿ ಕಡೆ ಬಂದರೆ ತೋರಿಸುತ್ತೇನೆ, ಜೊತೆಗೆ ಸುತ್ತಿಗೆ ಹಿಡಿದುಕೊಂಡು ಬರಲೂ ತಯಾರಿದ್ದೇನೆ.